ನಂಬಿಕೆಯ ಬೆಲೆ ಯಾರು ಕೊಡಬೇಕು? ಒಬ್ಬ ಟಿವಿ ನಟನ ಪ್ರಕರಣ

ಧಾರಾವಾಹಿಯಲ್ಲಿ ದೊಡ್ಡ ಹೆಸರು ಮಾಡಿದ ನಟರೊಬ್ಬರು, ‘ನನ್ನ ಧರ್ಮ ಒಪ್ಪದ ದೃಶ್ಯ ನಾನು ಮಾಡುವುದಿಲ್ಲ’ ಎಂದರೆ ಸೆಟ್‌ನಲ್ಲಿ ಏನಾಗುತ್ತದೆ? ಮುಂದೆ ಅವರೇ ಒಂದು ಚರ್ಚ್ ತೆಗೆದ ಸಿನಿಮಾಕ್ಕೆ ನಾಯಕರಾದರೆ ಅವರ ವೃತ್ತಿ ಮುಗಿಯುತ್ತದೆಯೇ, ಹೊಸದಾಗಿ ಶುರುವಾಗುತ್ತದೆಯೇ? ಈ ಎರಡೂ ಪ್ರಶ್ನೆಗಳು ಒಬ್ಬರದೇ ಬದುಕಿನಲ್ಲಿ ಬಂದ ಪ್ರಕರಣ ಇದು. ಅಮೆರಿಕದ್ದು.

ಇಲ್ಲಿ ಬರುವ ವರ್ಷ, ಅಂಕಿ, ಘಟನೆಗಳೆಲ್ಲ ಪತ್ರಿಕೆಗಳಲ್ಲಿ, ಸಂದರ್ಶನಗಳಲ್ಲಿ ಆಗಲೇ ಬಂದವು. ಆದರೂ ನಟನ ಹೆಸರು, ಧಾರಾವಾಹಿಯ ಹೆಸರು, ಚಿತ್ರದ ಹೆಸರು ಹೇಳುವುದಿಲ್ಲ. ಹೆಸರು ಬಂದ ಕೂಡಲೇ ಓದುವವರು ಆ ವ್ಯಕ್ತಿಯ ಪರವೋ ವಿರೋಧವೋ ಆಗಿಬಿಡುತ್ತಾರೆ. ನನಗೆ ಬೇಕಿರುವುದು ಅವರ ನಿರ್ಧಾರಗಳು. ಕೆಲವರಿಗೆ ಗುರುತು ಸಿಗಬಹುದು, ಪರವಾಗಿಲ್ಲ.

ಹಿನ್ನೆಲೆ

1985ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಒಂದು ಹಾಸ್ಯ ಧಾರಾವಾಹಿ ಶುರುವಾಯಿತು. ಅಪ್ಪ ಮನೋವೈದ್ಯ, ಮನೆಯಲ್ಲೇ ರೋಗಿಗಳನ್ನು ನೋಡುತ್ತಾರೆ. ಅಮ್ಮ ಪತ್ರಕರ್ತೆ, ಮಕ್ಕಳು ಬೆಳೆದ ಮೇಲೆ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದಾರೆ. ಮನೆ ತುಂಬ ಮಕ್ಕಳು. ಹಿರಿಯ ಮಗ ತುಂಟ, ಓದಿನಲ್ಲಿ ಹಿಂದೆ, ಮಾತಿನಲ್ಲಿ ಮುಂದೆ. ಆ ಪಾತ್ರಕ್ಕೆ ಸಿಕ್ಕ ಹುಡುಗನಿಗೆ ಆಗ ಹದಿನೈದರ ಆಸುಪಾಸು.

ಧಾರಾವಾಹಿ ಏಳು ಸೀಸನ್ ನಡೆಯಿತು, 1992ರವರೆಗೆ. ಹದಿಹರೆಯದವರ ಪತ್ರಿಕೆಗಳ ಮುಖಪುಟದಲ್ಲೆಲ್ಲ ಈ ಹುಡುಗನ ಫೋಟೊ. ಹುಡುಗಿಯರ ಕೋಣೆಯ ಗೋಡೆಗಳ ಮೇಲೂ ಅವನದೇ ಪೋಸ್ಟರ್. ಕಥೆಯಲ್ಲಿ ಅವನು ಮನೆಯ ಮಕ್ಕಳಲ್ಲಿ ಒಬ್ಬ. ಆದರೆ ಜನ ನೋಡುತ್ತಿದ್ದುದು ಹೆಚ್ಚಾಗಿ ಅವನಿಗಾಗಿ. ಇದು ಮುಂದಿನ ಎಲ್ಲದಕ್ಕೂ ಮುಖ್ಯ. ಯಾಕೆಂದರೆ ಆ ವಯಸ್ಸಿಗೇ ಅವನ ಕೈಗೆ ದೊಡ್ಡ ಶಕ್ತಿ ಬಂದಿತ್ತು.

ದೇವರು, ಧರ್ಮ ಎನ್ನದ ಮನೆಯಲ್ಲಿ ಬೆಳೆದ ಹುಡುಗ ಅವನು. ನಾಸ್ತಿಕ ಅಂತಲೇ ಹೇಳಿಕೊಳ್ಳುತ್ತಿದ್ದ. ಹದಿನೇಳರ ಹೊತ್ತಿಗೆ ಕ್ರೈಸ್ತ ನಂಬಿಕೆಗೆ ಬಂದ. ಅದೂ ಸುಮ್ನೆ ಭಾನುವಾರ ಚರ್ಚ್‌ಗೆ ಹೋಗಿ ಬರುವ ಬಗೆಯಲ್ಲ. ಬದುಕಿನ ಪ್ರತಿ ಕೆಲಸವನ್ನೂ ಬೈಬಲ್ ಮುಂದಿಟ್ಟು ನೋಡುವ ಬಗೆಯದು.

ಸಮಸ್ಯೆ

ಅಲ್ಲಿಂದ ಸ್ಕ್ರಿಪ್ಟ್ ವಿಷಯದಲ್ಲಿ ತಕರಾರು ಶುರುವಾಯಿತು. ಲೈಂಗಿಕ ಸುಳಿವಿನ ಜೋಕು, ತನ್ನ ಪಾತ್ರ ಹುಡುಗಿಯರ ಜೊತೆ ನಡೆದುಕೊಳ್ಳುವ ರೀತಿ, ಇವುಗಳನ್ನು ಅವರು ಒಪ್ಪಲಿಲ್ಲ. ಬದಲಾಯಿಸಿ ಎಂದರು.

ಇಂಥ ಧಾರಾವಾಹಿಯ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ತಿಳಿದರೆ ಆ ಬಿಕ್ಕಟ್ಟು ಅರ್ಥವಾಗುತ್ತದೆ. ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ವಾರಕ್ಕೊಂದು ಎಪಿಸೋಡ್. ವಾರದ ಮೊದಲಲ್ಲಿ ಎಲ್ಲರೂ ಮೇಜಿನ ಸುತ್ತ ಕೂತು ಸ್ಕ್ರಿಪ್ಟ್ ಓದುತ್ತಾರೆ. ಆಮೇಲೆ ರಿಹರ್ಸಲ್. ವಾರದ ಕೊನೆಗೆ ಪ್ರೇಕ್ಷಕರ ಮುಂದೆ ಚಿತ್ರೀಕರಣ. ನಡುವೆ ಒಂದು ಜೋಕು ಕಿತ್ತರೆ ಅದನ್ನು ಆಧರಿಸಿದ ಮುಂದಿನ ನಾಲ್ಕು ಮಾತುಗಳೂ ಬೀಳುತ್ತವೆ. ಬರಹಗಾರರು ರಾತ್ರಿ ಕೂತು ಮತ್ತೆ ಬರೆಯಬೇಕು. ಸಹನಟರು ಕಲಿತ ಮಾತು ಮರೆತು ಹೊಸದನ್ನು ಕಲಿಯಬೇಕು. ಜೊತೆಗೆ ಇನ್ನೊಂದು ತೊಡಕು. ಆ ತುಂಟತನವೇ ಆ ಪಾತ್ರದ ಜೀವ. ಅದನ್ನು ತೆಗೆದರೆ ಜನ ಮೆಚ್ಚಿದ ಹುಡುಗನೇ ಕಾಣೆಯಾಗುತ್ತಾನೆ.

ಒಬ್ಬ ಹೊಸ ನಟ ಹೀಗೆ ಹೇಳಿದ್ದರೆ ಕಥೆ ಬೇರೆ. ಮರುವಾರವೇ ಬೇರೆಯವರು ಬರುತ್ತಿದ್ದರು. ಇವರು ಧಾರಾವಾಹಿಯ ಮುಖವಾಗಿದ್ದರು. ಹಾಗಾಗಿ ಅವರ ಮಾತು ನಡೆಯಿತು. ಆದರೆ ನಿರ್ಮಾಪಕರ ಜೊತೆ ಮನಸ್ತಾಪ ಬೆಳೆಯಿತು. ಸಹನಟರಿಂದಲೂ ಅವರು ದೂರವಾದರು. 1991ರಲ್ಲಿ, ಅದೇ ಧಾರಾವಾಹಿಯಲ್ಲಿ ತಮ್ಮ ಗೆಳತಿಯ ಪಾತ್ರ ಮಾಡುತ್ತಿದ್ದ ನಟಿಯನ್ನು ಮದುವೆಯಾದರು. ವರ್ಷಗಟ್ಟಲೆ ಅಪ್ಪ, ಅಮ್ಮ, ತಂಗಿ ಅಂತ ಜೊತೆಗೆ ನಟಿಸಿದವರನ್ನು ಮದುವೆಗೆ ಕರೆಯಲಿಲ್ಲ.

ನನಗೆ ಈ ವಿವರ ಮುಖ್ಯ ಅನ್ನಿಸುತ್ತದೆ. ಸ್ಕ್ರಿಪ್ಟ್ ಬಗ್ಗೆ ತಕರಾರು ಮಾಡುವುದು ನಟನ ಹಕ್ಕು. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಮಾಡಬಾರದು ಅನ್ನಿಸಿದ ಕೆಲಸವನ್ನು ಸಂಬಳಕ್ಕಾಗಿ ಮಾಡು ಅಂತ ಯಾರಿಗೂ ಹೇಳಲಾಗದು, ಅಲ್ವಾ? ಆದರೆ ಆ ‘ಒಲ್ಲೆ’ಯ ಬೆಲೆ ಕೊಟ್ಟವರು ಯಾರು? ರಾತ್ರಿ ಕೂತು ಬರೆದವರು. ತಮ್ಮ ದೃಶ್ಯ ಕಳೆದುಕೊಂಡವರು. ‘ನಮ್ಮನ್ನು ಇವನು ಕೆಟ್ಟವರು ಅಂದುಕೊಂಡಿದ್ದಾನೆ’ ಎಂಬ ನೋವು ನುಂಗಿಕೊಂಡವರು. ನಂಬಿಕೆ ಒಬ್ಬರದು, ಖರ್ಚು ಇನ್ನೊಬ್ಬರದು.

ನಡುವಿನ ವರ್ಷಗಳು

ಧಾರಾವಾಹಿ ಮುಗಿದ ಮೇಲೆ ಇವರದೇ ಹೆಸರಿನಲ್ಲಿ ಇನ್ನೊಂದು ಹಾಸ್ಯ ಧಾರಾವಾಹಿ ಬಂತು, 1995ರಲ್ಲಿ. ಎರಡು ಸೀಸನ್‌ಗೆ ನಿಂತಿತು. ದೊಡ್ಡ ಪರದೆಯಲ್ಲಿ ಅದಕ್ಕೂ ಮೊದಲೇ ಪ್ರಯತ್ನ ಆಗಿತ್ತು, ಬೇರೂರಲಿಲ್ಲ. ಹದಿಹರೆಯದಲ್ಲಿ ಮಿಂಚಿದ ಬಹಳ ನಟರ ಪಾಡು ಇದೇ. ಇದಕ್ಕೆಲ್ಲ ಧರ್ಮವೇ ಕಾರಣ ಎಂದು ಹೇಳಲಾಗದು.

2000ದಲ್ಲಿ ಮೊದಲ ಬಾರಿಗೆ ಪೂರ್ತಿ ಕ್ರೈಸ್ತ ಪ್ರೇಕ್ಷಕರಿಗಾಗಿಯೇ ಮಾಡಿದ ಚಿತ್ರದ ನಾಯಕರಾದರು. ಲೋಕದ ಅಂತ್ಯಕಾಲದ ಬಗ್ಗೆ ಅಮೆರಿಕದಲ್ಲಿ ಭಾರೀ ಮಾರಾಟವಾದ ಕಾದಂಬರಿಯ ಚಿತ್ರರೂಪ. ಇವರದು ಟಿವಿ ವರದಿಗಾರನ ಪಾತ್ರ. ನಿರ್ಮಾಪಕರು ವಿಚಿತ್ರ ದಾರಿ ಹಿಡಿದರು. ಮೊದಲು ವಿಡಿಯೊ ಕ್ಯಾಸೆಟ್ ಬಿಟ್ಟು, ಕೆಲವು ತಿಂಗಳ ನಂತರ 2001ರ ಫೆಬ್ರವರಿಯಲ್ಲಿ ಥಿಯೇಟರ್‌ಗೆ ತಂದರು. ಕ್ಯಾಸೆಟ್ ಚೆನ್ನಾಗಿ ಮಾರಾಟವಾಯಿತು. ಥಿಯೇಟರ್ ಗಳಿಕೆ ಸುಮಾರು 42 ಲಕ್ಷ ಡಾಲರ್‌ಗೆ ನಿಂತಿತು. ಮನೆಯಲ್ಲಿ ಆಗಲೇ ನೋಡಿದವರು ಟಿಕೆಟ್ ಯಾಕೆ ಕೊಳ್ಳುತ್ತಾರೆ? ಆದರೂ ಒಂದು ವಿಷಯ ಸ್ಪಷ್ಟವಾಯಿತು. ಈ ನಟನಿಗಾಗಿ ಕಾಯುವ ಪ್ರೇಕ್ಷಕರು ಇದ್ದಾರೆ, ಅವರು ಹಾಲಿವುಡ್ ಲೆಕ್ಕದಲ್ಲಿ ಇಲ್ಲ.

2000ದಲ್ಲೇ ಹಳೆಯ ಧಾರಾವಾಹಿಯ ತಂಡ ಒಂದು ಟಿವಿ ಚಿತ್ರಕ್ಕಾಗಿ ಮತ್ತೆ ಸೇರಿತು. ಆಗ ಅವರು ಸಹನಟರ ಬಳಿ ಕ್ಷಮೆ ಕೇಳಿದರು. ತಮ್ಮ ನಂಬಿಕೆಗಾಗಿ ಕ್ಷಮೆ ಕೇಳಲಿಲ್ಲ. ಆ ವಯಸ್ಸಿನಲ್ಲಿ ತಾವು ಜನರನ್ನು ದೂರ ಇಟ್ಟ ರೀತಿಗೆ ಕೇಳಿದರು. ಈ ಪ್ರಕರಣದ ಮೊದಲ ತಿರುವು ನನ್ನ ಲೆಕ್ಕದಲ್ಲಿ ಇದೇ. ಮುಂದಿನ ದೊಡ್ಡ ಚಿತ್ರಕ್ಕಿಂತ ಎಂಟು ವರ್ಷ ಮೊದಲಿನದು.

ಆಲ್ಬನಿಯ ಚರ್ಚ್

‘ಕ್ರೈಸ್ತ ಸಿನಿಮಾ’ ಎಂದರೆ ನಮ್ಮಲ್ಲಿ ಯೇಸುವಿನ ಜೀವನಕಥೆ ನೆನಪಾಗುತ್ತದೆ. 1978ರಲ್ಲಿ ತೆಲುಗಿನಲ್ಲಿ ವಿಜಯಚಂದರ್ ಯೇಸುವಾಗಿ ನಟಿಸಿದ ಚಿತ್ರ ಭಾರತದ ಹಲವು ಭಾಷೆಗಳಿಗೆ ಡಬ್ ಆಗಿ ಹಳ್ಳಿ ಹಳ್ಳಿಯಲ್ಲಿ ಪರದೆ ಕಟ್ಟಿ ತೋರಿಸಲ್ಪಟ್ಟಿತು. ಲೂಕನ ಸುವಾರ್ತೆ ಆಧರಿಸಿದ 1979ರ ಇಂಗ್ಲಿಷ್ ಚಿತ್ರ ಕನ್ನಡಕ್ಕೂ ಡಬ್ ಆಗಿದೆ. ಅಮೆರಿಕದಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಬಂದಿದೆ. ಅಲ್ಲಿ ಅದು ಹೆಚ್ಚಾಗಿ ಇವತ್ತಿನ ಮನೆಗಳ ಕಥೆ. ಗಂಡ ಹೆಂಡತಿ ಜಗಳ, ಫುಟ್‌ಬಾಲ್ ಕೋಚ್‌ನ ಸೋಲು, ಪೊಲೀಸ್ ಅಪ್ಪನ ಜವಾಬ್ದಾರಿ. ಯೇಸು ತೆರೆಯ ಮೇಲೆ ಬರುವುದೇ ಇಲ್ಲ.

ಜಾರ್ಜಿಯ ರಾಜ್ಯದ ಆಲ್ಬನಿ ಎಂಬ ಸಣ್ಣ ಊರಿನ ಒಂದು ಬ್ಯಾಪ್ಟಿಸ್ಟ್ (ಒಂದು ಕ್ರೈಸ್ತ ಪಂಗಡ) ಚರ್ಚ್ ಇಂಥ ಸಿನಿಮಾ ಮಾಡಲು ಹೊರಟಿತ್ತು. ಸ್ಟುಡಿಯೊ ಇಲ್ಲ, ಸ್ಟಾರ್ ಇಲ್ಲ. ಚರ್ಚ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಸಹೋದರರು ಕಥೆ ಬರೆಯುವವರು, ಒಬ್ಬರು ನಿರ್ದೇಶಕರು. 2003ರಲ್ಲಿ ಮೊದಲ ಚಿತ್ರ, ಖರ್ಚು ಸುಮಾರು 20,000 ಡಾಲರ್. 2006ರಲ್ಲಿ ಎರಡನೆಯದು, ಸುಮಾರು ಒಂದು ಲಕ್ಷ ಡಾಲರ್. ಅದು ಥಿಯೇಟರ್‌ನಲ್ಲಿ ಒಂದು ಕೋಟಿ ಡಾಲರ್‌ಗೂ ಜಾಸ್ತಿ ತಂದಿತು.

ಇದರ ಹಿಂದೆ ದೊಡ್ಡ ಗಾಳಿಯೂ ಇತ್ತು. 2004ರಲ್ಲಿ ಮೆಲ್ ಗಿಬ್ಸನ್ ತೆಗೆದ ಯೇಸುವಿನ ಕೊನೆಯ ಗಳಿಗೆಗಳ ಚಿತ್ರ ಜಗತ್ತಿನಾದ್ಯಂತ 60 ಕೋಟಿ ಡಾಲರ್ ದಾಟಿತ್ತು. ಚರ್ಚ್‌ಗೆ ಹೋಗುವವರೂ ಟಿಕೆಟ್ ಕೊಳ್ಳುತ್ತಾರೆ ಎಂದು ಸ್ಟುಡಿಯೊಗಳಿಗೆ ಅರಿವಾಗಿ, ಫಾಕ್ಸ್, ಸೋನಿ ಎರಡೂ ಅಂಥ ಚಿತ್ರಗಳಿಗೆಂದೇ ವಿಭಾಗ ತೆರೆದವು. ಅದೇ ಚಿತ್ರದಲ್ಲಿ ಯೇಸುವಾಗಿದ್ದ ಜಿಮ್ ಕಾವೀಜಲ್, ಆಮೇಲೆ ತಮಗೆ ಹಾಲಿವುಡ್‌ನಲ್ಲಿ ಅವಕಾಶ ಕಡಿಮೆಯಾಯಿತು ಎಂದು ಬಹಿರಂಗವಾಗಿ ಹೇಳಿದ್ದಾರೆ. ಮಾರುಕಟ್ಟೆ ತೆರೆಯುವುದೂ ನಟನಿಗೆ ಬಾಗಿಲು ಮುಚ್ಚುವುದೂ ಒಟ್ಟಿಗೇ ಆಗಬಹುದು.

ಆಲ್ಬನಿಯ ಮೂರನೆಯ ಚಿತ್ರದ ನಾಯಕ ನಮ್ಮ ನಟ. ಆಗ ಅವರಿಗೆ ಮೂವತ್ತೇಳರ ಆಸುಪಾಸು. ಒಟ್ಟು ಬಜೆಟ್ ಸುಮಾರು 5 ಲಕ್ಷ ಡಾಲರ್. ಸುಮಾರು 1,200 ಸ್ವಯಂಸೇವಕರು. ಅಡುಗೆ ಮಾಡಿದವರು, ಸೆಟ್ ಹಾಕಿದವರು, ಮಕ್ಕಳನ್ನು ನೋಡಿಕೊಂಡವರು, ತೆರೆಯ ಮೇಲೆ ನಟಿಸಿದವರು, ಬಹುತೇಕ ಎಲ್ಲರೂ ಸಂಬಳವಿಲ್ಲದ ಊರಿನ ಜನ.

ಎರಡನೆಯ ತಿರುವು

ಇಲ್ಲಿ ಅವರು ಮಾಡಿದ ನಿರ್ಧಾರಗಳನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಹಣ. ಅವರೂ ಸಂಭಾವನೆ ತೆಗೆದುಕೊಳ್ಳಲಿಲ್ಲ. ತೀವ್ರ ಕಾಯಿಲೆಯ ಮಕ್ಕಳಿಗೂ ಅವರ ಮನೆಯವರಿಗೂ ಅವರು ಹೆಂಡತಿಯ ಜೊತೆ ನಡೆಸುತ್ತಿದ್ದ ಶಿಬಿರಕ್ಕೆ ಚಿತ್ರತಂಡ ದೇಣಿಗೆ ಕೊಟ್ಟಿತು. ಇದರಿಂದ ಸೆಟ್‌ನ ಗಾಳಿಯೇ ಬದಲಾಗುತ್ತದೆ. ಎಲ್ಲರೂ ಪುಕ್ಕಟೆ ದುಡಿಯುವ ಕಡೆ ಒಬ್ಬರಿಗೆ ಮಾತ್ರ ಪೇಮೆಂಟ್ ಇದ್ದರೆ, ಅವರು ಹೇಳುವ ಪ್ರತಿ ‘ಆಗಲ್ಲ’ವೂ ದೊಡ್ಡಸ್ತಿಕೆಯಾಗಿ ಕೇಳುತ್ತದೆ.

ಎರಡನೆಯದು ಪಾತ್ರ. ನಾಯಕ ಅಗ್ನಿಶಾಮಕ ದಳದ ಕ್ಯಾಪ್ಟನ್. ಊರಿನವರ ಪ್ರಾಣ ಉಳಿಸುತ್ತಾನೆ, ಮನೆಯಲ್ಲಿ ಹೆಂಡತಿಯ ಮೇಲೆ ಕಿರುಚುತ್ತಾನೆ. ಕಂಪ್ಯೂಟರ್‌ನಲ್ಲಿ ಅಶ್ಲೀಲ ಚಿತ್ರ ನೋಡುವ ಚಟ ಇದೆ. ದೋಣಿ ಕೊಳ್ಳಲೆಂದು ಹಣ ಕೂಡಿಟ್ಟಿದ್ದಾನೆ, ಕಾಯಿಲೆಯ ಅತ್ತೆಗೆ ಕೊಡುವುದಿಲ್ಲ. ವಿಚ್ಛೇದನ ಎದುರಿಗಿದೆ. ಆಗ ಅವನ ಅಪ್ಪ ಒಂದು ನೋಟ್‌ಬುಕ್ ಕೊಡುತ್ತಾರೆ. ನಲವತ್ತು ದಿನ, ದಿನಕ್ಕೊಂದರಂತೆ ಹೆಂಡತಿಗಾಗಿ ಏನಾದರೂ ಮಾಡಬೇಕು.

ಹದಿನೇಳರಲ್ಲಿ ಲೈಂಗಿಕ ಜೋಕು ಬೇಡ ಎಂದಿದ್ದ ನಟ ಮೂವತ್ತೇಳರಲ್ಲಿ ಅಶ್ಲೀಲ ಚಿತ್ರದ ಚಟ ಇರುವ ಗಂಡನಾಗಿ ನಟಿಸಿದರು! ವಿಷಯದಿಂದ ಓಡಲಿಲ್ಲ. ಅಂದರೆ ಅವರ ತಕರಾರು ಆ ವಿಷಯ ತೆರೆಯ ಮೇಲೆ ಬರುವುದಕ್ಕೆ ಅಲ್ಲ, ಅದನ್ನು ನಗೆಗೆ ಬಳಸುವುದಕ್ಕೆ. ಹಳೆಯ ಸೆಟ್‌ನಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಲು ಆ ಹುಡುಗನಿಗೆ ಗೊತ್ತಿತ್ತೋ ಇಲ್ಲವೋ. ಹೇಳಿದ್ದರೆ ಬರಹಗಾರರಿಗೆ ಬೇರೆ ದಾರಿ ಸಿಗುತ್ತಿತ್ತು ಎಂದು ನಾನು ನಂಬುತ್ತೇನೆ.

ಮೂರನೆಯದು ಒಂದು ಮುತ್ತಿನ ದೃಶ್ಯ. ಕಥೆಯ ಕೊನೆಗೆ ಗಂಡ ಹೆಂಡತಿ ಒಂದಾಗುತ್ತಾರೆ. ಮುತ್ತು ಬೇಕೇ ಬೇಕು. ಆದರೆ ತಮ್ಮ ಹೆಂಡತಿಯನ್ನಲ್ಲದೆ ಬೇರೆ ಯಾರನ್ನೂ ಮುತ್ತಿಡುವುದಿಲ್ಲ ಎಂಬುದು ನಟನ ನಿಯಮ. ನಾಯಕಿಯ ಪಾತ್ರದಲ್ಲಿ ಇದ್ದವರು ಬೇರೆ ನಟಿ. ದೃಶ್ಯ ಕಿತ್ತುಹಾಕಿ ಎಂದು ಹೇಳಬಹುದಿತ್ತು. ಹಾಗೆ ಮಾಡಲಿಲ್ಲ. ಅವರ ಹೆಂಡತಿಯೇ ಸೆಟ್‌ಗೆ ಬಂದರು. ನಾಯಕಿಯ ಹಾಗೆ ಬಟ್ಟೆ, ಕೂದಲು ಮಾಡಿಸಿಕೊಂಡರು. ಹಿಂದಿನಿಂದ ಬೆಳಕು ಬಿಟ್ಟು, ಬರೀ ನೆರಳಾಕೃತಿ ಕಾಣುವ ಹಾಗೆ ಚಿತ್ರೀಕರಿಸಿದರು. ಅವರೂ ನಟಿಯೇ, ಹಳೆಯ ಧಾರಾವಾಹಿಯ ಅದೇ ಗೆಳತಿ. ಕ್ಯಾಮೆರಾ ಮುಂದೆ ಹೇಗೆ ನಿಲ್ಲಬೇಕೆಂದು ಗೊತ್ತಿತ್ತು.

ಈ ದೃಶ್ಯದ ಬಗ್ಗೆ ಪತ್ರಿಕೆಗಳು ಬಹಳ ಬರೆದವು. ಕೆಲವರು ನಕ್ಕರು. ನನಗೆ ಅದರಲ್ಲಿ ಕಾಣುವುದು ಒಳ್ಳೆಯ ವೃತ್ತಿಪರತೆ. ನಿರ್ದೇಶಕರಿಗೆ ಬೇಕಿದ್ದ ದೃಶ್ಯ ಸಿಕ್ಕಿತು. ಕಥೆಗೆ ಬೇಕಿದ್ದ ಭಾವ ಉಳಿಯಿತು. ನಾಯಕಿಯ ಪಾತ್ರಕ್ಕೆ ಕತ್ತರಿ ಬೀಳಲಿಲ್ಲ. ಓಡಾಟ, ಸಮಯ, ತೊಂದರೆ ಎಲ್ಲ ನಟನ ಮನೆಯವರು ಹೊತ್ತರು. ಇಪ್ಪತ್ತು ವರ್ಷದ ಹಿಂದಿನ ನಂಬಿಕೆಯೇ ಇದು, ಒಂದಿಷ್ಟೂ ಸಡಿಲವಾಗಿಲ್ಲ. ಬದಲಾಗಿದ್ದು ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ ಎಂಬುದು ಮಾತ್ರ.

ಏನಾಯಿತು

2008ರ ಸೆಪ್ಟೆಂಬರ್ 26ರಂದು ಚಿತ್ರ 839 ಥಿಯೇಟರ್‌ಗಳಲ್ಲಿ ಬಿಡುಗಡೆಯಾಯಿತು. ದೊಡ್ಡ ಸ್ಟುಡಿಯೊ ಚಿತ್ರಗಳು ಮೂರ್ನಾಲ್ಕು ಸಾವಿರ ಪರದೆಯಲ್ಲಿ ಬರುವ ದೇಶ ಅದು. ಆದರೂ ಮೊದಲ ವಾರಾಂತ್ಯದಲ್ಲೇ ಸುಮಾರು 68 ಲಕ್ಷ ಡಾಲರ್ ಗಳಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ಒಟ್ಟು ಗಳಿಕೆ 3 ಕೋಟಿ 30 ಲಕ್ಷ ಡಾಲರ್ ದಾಟಿತು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಸ್ವತಂತ್ರ ಚಿತ್ರ ಇದೇ ಎಂದು ಪತ್ರಿಕೆಗಳು ಬರೆದವು. ವಿಮರ್ಶಕರು ಅಷ್ಟೇನೂ ಮೆಚ್ಚಲಿಲ್ಲ. ಚರ್ಚ್‌ಗಳು ಗುಂಪು ಗುಂಪಾಗಿ ಟಿಕೆಟ್ ಕೊಂಡವು. ದಂಪತಿಗಳು ಜೊತೆಯಾಗಿ ಬಂದರು.

ಚಿತ್ರದಲ್ಲಿ ಅಪ್ಪ ಕೊಡುವ ನೋಟ್‌ಬುಕ್ ನಿಜವಾದ ಪುಸ್ತಕವಾಯಿತು. ಲಕ್ಷಾಂತರ ಪ್ರತಿ ಮಾರಾಟವಾಗಿ ನ್ಯೂಯಾರ್ಕ್ ಟೈಮ್ಸ್‌ನ ಪಟ್ಟಿಯಲ್ಲಿ ಬಹಳ ಕಾಲ ಉಳಿಯಿತು. ನಟನಿಗೂ ಹೊಸ ಬದುಕು ಸಿಕ್ಕಿತು. ಊರೂರಿನ ಚರ್ಚ್‌ಗಳಲ್ಲಿ ಮದುವೆ, ಮನೆ, ಮಕ್ಕಳ ಬಗ್ಗೆ ಮಾತಾಡಲು ಕರೆ ಬರತೊಡಗಿದವು.

ಹಾಗಾದರೆ ಗೆದ್ದರೇ? ಪ್ರೇಕ್ಷಕರನ್ನು ಗೆದ್ದರು. ಆದರೆ ಹಾಲಿವುಡ್‌ನ ಸಾಮಾನ್ಯ ಚಿತ್ರ, ಧಾರಾವಾಹಿಗಳ ಕಡೆಗೆ ದಾರಿ ತೆರೆಯಲಿಲ್ಲ. ಮೊದಲು ಅವರನ್ನು ಮೆಚ್ಚುತ್ತಿದ್ದವರು ಎಲ್ಲ ಬಗೆಯ ಮನೆಗಳಲ್ಲಿ ಇದ್ದರು. ಈಗ ಮೆಚ್ಚುವವರು ಒಂದು ನಂಬಿಕೆಯ ಮನೆಗಳವರು. ಸಂಖ್ಯೆ ಕಡಿಮೆ, ಪ್ರೀತಿ ಗಟ್ಟಿ.

ಅದರ ನಂತರ ಅವರು ನಟರಿಗಿಂತ ಹೆಚ್ಚಾಗಿ ಮಾತುಗಾರರಾದರು. 2012ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಸಲಿಂಗಿಗಳ ಬಗ್ಗೆ ಆಡಿದ ಮಾತು ದೊಡ್ಡ ವಿವಾದವಾಯಿತು. ಹಳೆಯ ಧಾರಾವಾಹಿಯ ಸಹನಟರೇ ಬಹಿರಂಗವಾಗಿ ಅಸಮ್ಮತಿ ಹೇಳಿದರು. 2000ದಲ್ಲಿ ಕೂಡಿದ್ದ ಸಂಬಂಧ ಮತ್ತೆ ಎಲ್ಲರೆದುರು ಬಿರುಕು ಬಿಟ್ಟಂತಾಯಿತು. ಪಾತ್ರವೊಂದನ್ನು ನೋಡಿ ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಸಂದರ್ಶನದ ಮಾತಿಗೆ ಆ ಅವಕಾಶ ಇರುವುದಿಲ್ಲ.

2014ರಲ್ಲಿ ಕ್ರಿಸ್‌ಮಸ್ ಬಗ್ಗೆ ಒಂದು ಚಿತ್ರ ಬಂತು. ಅದರಲ್ಲಿ ಅವರು ತಮ್ಮ ಹೆಸರಿನಲ್ಲೇ ಕಾಣಿಸಿಕೊಂಡರು. ಚಿತ್ರದ ಹೆಸರಿಗೂ ಅವರ ಹೆಸರನ್ನು ಅಂಟಿಸಿದ್ದರು. ಕಥೆ ಕಡಿಮೆ, ವಿವರಣೆ ಜಾಸ್ತಿ. ವಿಮರ್ಶೆಗಳನ್ನು ಒಟ್ಟುಮಾಡುವ ರಾಟನ್ ಟೊಮೆಟೋಸ್ ಜಾಲತಾಣದಲ್ಲಿ ವಿಮರ್ಶಕರ ಅಂಕ ಶೇಕಡ 0. ವರ್ಷದ ಕಳಪೆ ಚಿತ್ರಗಳಿಗೆ ಕೊಡುವ ರ‍್ಯಾಜಿ ಪ್ರಶಸ್ತಿ ನಾಲ್ಕು ಬಂದವು. ಪ್ರೇಕ್ಷಕರ ಅಂಕವನ್ನಾದರೂ ಏರಿಸಿ ಎಂದು ಅವರು ಫೇಸ್‌ಬುಕ್‌ನಲ್ಲಿ ಅಭಿಮಾನಿಗಳಿಗೆ ಕರೆ ಕೊಟ್ಟರು. ಅದೂ ಉಲ್ಟಾ ಹೊಡೆಯಿತು.

ನಮ್ಮ ನಟರು ಇದರಲ್ಲಿ ನೋಡಬೇಕಾದದ್ದು

ಧರ್ಮದ ಚಿತ್ರ ಒಪ್ಪಿದರೆ ವೃತ್ತಿ ಹಾಳು ಎಂದು ಈ ಪ್ರಕರಣ ಹೇಳುವುದಿಲ್ಲ. ಧರ್ಮದ ಚಿತ್ರವಾದರೆ ಸಾಕು, ಜನ ಬರುತ್ತಾರೆ ಎಂದೂ ಹೇಳುವುದಿಲ್ಲ. ಅದೇ ನಟ, ಅದೇ ನಂಬಿಕೆ, ಅದೇ ಪ್ರೇಕ್ಷಕರು. 2008ರ ಚಿತ್ರ ಗೆದ್ದಿತು, 2014ರದ್ದು ಬಿತ್ತು. 2008ರಲ್ಲಿ ಕಥೆ ಬೇರೆಯವರದು, ನಿರ್ದೇಶನ ಬೇರೆಯವರದು, ನಟನಿಗೆ ಸಿಕ್ಕಿದ್ದು ತಪ್ಪು ಮಾಡುವ ಮನುಷ್ಯನ ಪಾತ್ರ. 2014ರಲ್ಲಿ ಅವರು ಉತ್ತರ ಹೇಳುವವರಾಗಿ ಬಂದರು. ಸೋತು ಏಳುವ ಪಾತ್ರ ಅವರಿಗೆ ಇರಲಿಲ್ಲ. ನನಗೆ ಈ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ.

ಕನ್ನಡದ ಧಾರಾವಾಹಿ ಲೋಕದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗಿ ಬರುತ್ತದೆ. ಇಲ್ಲಿ ವಾರಕ್ಕೊಂದಲ್ಲ, ದಿನಕ್ಕೊಂದು ಎಪಿಸೋಡ್. ಕಥೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಒಪ್ಪಂದಕ್ಕೆ ಸಹಿ ಹಾಕುವಾಗ ನಟರಿಗೆ ಗೊತ್ತಿರುವುದಿಲ್ಲ. ಹಿಂದೂ ಮನೆಯ ಪೂಜೆಯ ದೃಶ್ಯದಲ್ಲಿ ಕ್ರೈಸ್ತ ನಟಿ ಇರಬಹುದು. ಮಾಂಸ ಮುಟ್ಟದ ನಟನಿಗೆ ಊಟದ ದೃಶ್ಯ ಬರಬಹುದು. ಬಹಳ ಮಂದಿ ಇವನ್ನೆಲ್ಲ ಬರೀ ನಟನೆ ಎಂದು ಸಹಜವಾಗಿ ಮಾಡುತ್ತಾರೆ. ಮಾಡಲು ಆಗದವರೂ ಇರುತ್ತಾರೆ. ಅಂಥವರು ಸಹಿ ಹಾಕುವ ಮೊದಲೇ ಹೇಳಬೇಕು. ಶೂಟಿಂಗ್ ದಿನ ಮೇಕಪ್ ಹಾಕಿಕೊಂಡು ಕೂತ ಮೇಲೆ ಹೇಳಿದರೆ, ಬೆಳಗ್ಗೆಯಿಂದ ಲೈಟ್ ಹಿಡಿದು ನಿಂತವರ ಕೂಲಿಯೂ ಆ ‘ಒಲ್ಲೆ’ಯ ಜೊತೆ ಹೋಗುತ್ತದೆ. ಹೇಳುವಾಗಲೂ ಏನು ಆಗದು ಎನ್ನುವುದರ ಜೊತೆ ಬದಲಿಗೆ ಏನು ಮಾಡಬಹುದು ಎಂದು ಹೇಳಬೇಕು. ಡ್ಯೂಪ್ ಇಡೋಣ, ಬೇರೆ ಕೋನದಿಂದ ತೆಗೆಯೋಣ, ಬೇಕಿದ್ದರೆ ನಾನೇ ಇನ್ನೊಂದು ದಿನ ಬರುತ್ತೇನೆ. ನಿರ್ದೇಶಕರು ಇಂಥ ಮಾತಿಗೆ ಕಿವಿ ಕೊಡುತ್ತಾರೆ.

ಇನ್ನೊಂದು ಮಾತನ್ನು ನಿರ್ಮಾಪಕರಿಗೂ ಹೇಳಬೇಕು. ಹದಿನೇಳರ ಹುಡುಗ ಒರಟಾಗಿ ಮಾತಾಡಿದ್ದು ನಿಜ. ಅವನ ಸುತ್ತ ಇದ್ದವರು ದೊಡ್ಡವರು. ‘ಇವನ ತಕರಾರು ನಿಜವಾಗಿ ಯಾವುದಕ್ಕೆ?’ ಎಂದು ಕೂರಿಸಿಕೊಂಡು ಕೇಳುವ ಜವಾಬ್ದಾರಿ ಅವರ ಮೇಲೂ ಇತ್ತು. ಹೆಸರಿದೆ, ಟಿಆರ್‌ಪಿ ಇದೆ ಎಂದು ಸುಮ್ಮನೆ ತಲೆಬಾಗುವುದು, ಹಿಂದಿನಿಂದ ಗೊಣಗುವುದು, ಇವೆರಡರಿಂದಲೂ ಆ ಮಗುವಿಗೆ ಸಹಾಯ ಆಗಲಿಲ್ಲ.

2022ರಲ್ಲಿ ಈ ನಟ ಆಲ್ಬನಿಯ ಅದೇ ಸಹೋದರರ ಜೊತೆ ಮತ್ತೆ ಸೇರಿ ಇನ್ನೊಂದು ಚಿತ್ರ ಮಾಡಿದರು. ದತ್ತು ಮಗನೊಬ್ಬನನ್ನು ಅವನ ಹೆತ್ತ ತಾಯಿ ಸಂಪರ್ಕಿಸುವ ನಿಜಕಥೆ. ಗರ್ಭಪಾತದ ವಿರುದ್ಧ ನಿಲುವಿನ ಚಿತ್ರ ಎಂಬುದೂ ಸ್ಪಷ್ಟ. ಅವರ ಸ್ವಂತ ಆರು ಮಕ್ಕಳಲ್ಲಿ ನಾಲ್ವರು ದತ್ತು ಮಕ್ಕಳು. ಈ ಸಲ ಕಥೆಯ ನಡುವೆ ನಿಂತವನು ಹದಿನೆಂಟರ ಹುಡುಗ. ಇವರು ಅವನನ್ನು ಸಾಕಿದ ಅಪ್ಪನ ಪಾತ್ರ ಮಾಡಿದರು.